ಕಾಡುಗೆಣಸಿನ ಹೆಸರಿನ ಅಜ್ಜಿ

ಆಸ್ಟ್ರೇಲಿಯಾದ ನಟ್ಟನಡುವೆ ಇರುವ ಕೆಂಪು ಮರಳುನಾಡಿನಲ್ಲಿ ಒಂದು ಬಳ್ಳಿ ಬೆಳೆಯುತ್ತದೆ. ಮಳೆ ಬಿದ್ದಾಗ ನೆಲಕ್ಕೆ ಅಂಟಿಕೊಂಡಂತೆ ಹರಡಿ, ಹಳದಿ ಹೂ ಬಿಟ್ಟು, ಬಿಸಿಲು ಏರಿದಂತೆ ಒಣಗಿ ಕಾಣೆಯಾಗುತ್ತದೆ. ಬಳ್ಳಿ ಹೋದರೂ ಅದರ ಜೀವ ನೆಲದೊಳಗೇ ಇರುತ್ತದೆ. ಪೆನ್ಸಿಲಿನಂತೆ ಸಪೂರವಾದ ಗೆಣಸು ಮಣ್ಣಿನಡಿ ಬಲಿತಾಗ ಮೇಲಿನ ನೆಲ ಬಿರುಕು ಬಿಡುತ್ತದೆ. ಆ ಬಿರುಕನ್ನು ಓದಬಲ್ಲ ಹೆಂಗಸರು ಕೋಲಿನಿಂದ ಅಗೆದು ಗೆಣಸನ್ನು ತೆಗೆದು, ಹಸಿಯಾಗಿಯೋ ಬಿಸಿಬೂದಿಯಲ್ಲಿ ಸುಟ್ಟೋ ತಿನ್ನುತ್ತಾರೆ. ಗೆಣಸು ಎಂದ ಮಾತ್ರಕ್ಕೆ ಇದು ನಮ್ಮ ಸಂತೆಗೆ ಬರುವ ಗೆಣಸಿನ ಜಾತಿಯಲ್ಲ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇದು ನಮ್ಮ ಹೆಸರು, ಉದ್ದು, ಅಲಸಂದೆಗಳಿಗೆ ದಾಯಾದಿ. ಅವೆಲ್ಲವೂ 'ವಿಗ್ನ' ಎಂಬ ಒಂದೇ ಕುಲಕ್ಕೆ ಸೇರಿದವು. ಕಡಲೆಕಾಯಿಯ ಹಾಗೆ ಇದು ಮಣ್ಣಿನ ಕೆಳಗೂ ಕಾಯಿ ಕಟ್ಟುತ್ತದೆ. ಆ ಕಾಯಿಗೆ, ಅದರ ಬೀಜಕ್ಕೆ ಅಲ್ಲಿಯ ಅನ್ಮಾಜೆರ್ ಜನರ ಭಾಷೆಯಲ್ಲಿ 'ಕಾಮ್' ಎಂದು ಹೆಸರು.

ಆ ಬೀಜದ ಹೆಸರನ್ನೇ ಹೊತ್ತು ಬದುಕಿದ ಹೆಂಗಸು ಎಮಿಲಿ ಕಾಮ್ ಉಂಗ್ವಾರೆ. ಎಪ್ಪತ್ತು ದಾಟಿದ ಮೇಲೆ ಮೊದಲ ಸಲ ಕ್ಯಾನ್‌ವಾಸು ಮುಟ್ಟಿ, ಎಂಟೇ ವರ್ಷಗಳಲ್ಲಿ ಸುಮಾರು ಮೂರು ಸಾವಿರ ಚಿತ್ರ ಬರೆದು, ಇಪ್ಪತ್ತನೆಯ ಶತಮಾನದ ದೊಡ್ಡ ಚಿತ್ರಕಾರರ ಸಾಲಿನಲ್ಲಿ ಕುಳಿತ ಅಜ್ಜಿ.

ಆಕೆಯ ಹೆಸರಿನ ಕೊನೆಯ ಭಾಗವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲಿಗೆ ನಾಲ್ಕು ವ್ಯಂಜನಗಳನ್ನು ಒತ್ತೊತ್ತಾಗಿ ಪೇರಿಸುತ್ತಾರೆ. ಓದುವವರ ನಾಲಗೆ ಅಲ್ಲೇ ಮುಗ್ಗರಿಸುತ್ತದೆ. ನಮ್ಮ ಮಕ್ಕಳು ಕ ಖ ಗ ಘ ಆದ ಮೇಲೆ ಒಪ್ಪಿಸಿ ಆಮೇಲೆ ಜನ್ಮದಲ್ಲಿ ಬಳಸದ 'ಙ' ಅಕ್ಷರಕ್ಕೆ ಇಲ್ಲಿ ನಿಜವಾದ ಕೆಲಸವಿದೆ. ಇದು ಮನೆತನದ ಹೆಸರಲ್ಲ. ಯಾರು ಯಾರಿಗೆ ಏನಾಗಬೇಕು, ಯಾರು ಯಾರನ್ನು ಮದುವೆಯಾಗಬಹುದು ಎಂಬುದನ್ನು ಹುಟ್ಟಿನಿಂದಲೇ ಗೊತ್ತುಮಾಡುವ ಪಂಗಡದ ಹೆಸರು. ನಮ್ಮಲ್ಲಿಯ ಬೆಡಗು, ಬಳಿಗಳನ್ನು ನೆನೆಸಿಕೊಂಡರೆ ಅರ್ಧ ಅರ್ಥವಾದಂತೆ. ಹೀಗಾಗಿ ಆ ಪ್ರದೇಶದ ಚಿತ್ರಕಾರ್ತಿಯರಲ್ಲಿ ಉಂಗ್ವಾರೆಗಳು, ಪೆಟ್ಯಾರೆಗಳು, ಪುವರ್ಲೆಗಳು ಮತ್ತೆ ಮತ್ತೆ ಬರುತ್ತಾರೆ. ಲೋಕ ಆಕೆಯನ್ನು ಎಮಿಲಿ ಎಂದೇ ಕರೆಯಿತು.

ಎಮಿಲಿ ಹುಟ್ಟಿದ್ದು ಯಾವಾಗ ಎಂಬುದನ್ನು ಬರೆದಿಟ್ಟವರಿಲ್ಲ. 1910ರ ಆಸುಪಾಸು ಎಂದು ಕೆಲವರು, 1914 ಇರಬೇಕು ಎಂದು ಇನ್ನು ಕೆಲವರು ಲೆಕ್ಕ ಹಾಕುತ್ತಾರೆ. ಹುಟ್ಟಿದ ಜಾಗದ ಬಗ್ಗೆ ಮಾತ್ರ ಎರಡು ಮಾತಿಲ್ಲ: ಅಲ್ಹಾಲ್ಕರ. ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ಈಶಾನ್ಯಕ್ಕೆ ಇನ್ನೂರು ಕಿಲೋಮೀಟರಿಗೂ ದೂರದ ನೆಲ. ಅಲ್ಲಿ ನಡುವೆ ತೂತಿರುವ ಒಂದು ಬಂಡೆಯಿದೆ. ಅದು ಆ ನೆಲದ ಮೂಲಪುರುಷನ ರೂಪ ಎಂದು ಅಲ್ಲಿನವರ ನಂಬಿಕೆ. ಎಮಿಲಿ ತಮ್ಮ ಮೂಗಿನ ನಡುಗೋಡೆಗೆ ಚುಚ್ಚಿಸಿಕೊಂಡಿದ್ದರು. ಒಡವೆಗಾಗಿ ಚುಚ್ಚಿಸಿದ್ದಲ್ಲ, ಆ ಬಂಡೆಯ ಗುರುತು ತಮ್ಮ ಮುಖದಲ್ಲೂ ಇರಲೆಂದು. ಆಕೆಯ ಫೋಟೋಗಳಲ್ಲಿ ಮುಖದ ತುಂಬ ನೆರಿಗೆ, ತಲೆಗೊಂದು ಟೋಪಿ ಅಥವಾ ಬಟ್ಟೆಯ ಸುತ್ತು, ಆ ಮೂಗು. ನೆಲ ಮತ್ತು ಮೈ ಬೇರೆ ಬೇರೆಯಲ್ಲ ಎಂಬುದನ್ನು ಎಮಿಲಿ ಚಿತ್ರ ಬರೆದು ಹೇಳುವುದಕ್ಕೆ ಎಷ್ಟೋ ಮೊದಲು ಮೂಗು ಹೇಳಿತ್ತು.

ಬಿಳಿಯರು ಬಂದು ಆ ಸೀಮೆಯಲ್ಲಿ ಸಾವಿರಾರು ಎಕರೆಗಳ ದನದ ಫಾರಂ ಹೂಡಿದ್ದು 1920ರ ದಶಕದಲ್ಲಿ. ಹೂಡಿದವರು ಅದಕ್ಕಿಟ್ಟ ಹೆಸರು 'ಯುಟೋಪಿಯಾ'. ತಾಮಸ್ ಮೋರ್ 1516ರಲ್ಲಿ ತನ್ನ ಕಲ್ಪನೆಯ ಆದರ್ಶ ರಾಜ್ಯಕ್ಕೆ ಕೊಟ್ಟ ಹೆಸರದು. ಗ್ರೀಕ್ ಮೂಲದಲ್ಲಿ ಅದರ ಅರ್ಥ 'ಎಲ್ಲಿಯೂ ಇಲ್ಲದ ಊರು'. ಒಂದೊಂದು ಬಂಡೆಗೂ ಒಂದೊಂದು ನೀರಿನ ಒರತೆಗೂ ಹೆಸರು, ಹಾಡು, ಹಕ್ಕುದಾರರು ಇದ್ದ ನೆಲಕ್ಕೆ 'ಎಲ್ಲಿಯೂ ಇಲ್ಲದ ಊರು' ಎಂದು ಫಲಕ ಹಾಕಿದ್ದರಲ್ಲಿ ಆಸ್ಟ್ರೇಲಿಯಾದ ಇನ್ನೂರು ವರ್ಷಗಳ ಚರಿತ್ರೆಯೇ ಅಡಗಿದೆ ಎನ್ನಬಹುದು. ಆ ಖಂಡ ಯಾರಿಗೂ ಸೇರದ ಬರಿಯ ನೆಲವಾಗಿತ್ತು ಎಂಬ ವಾದವನ್ನು ಅಲ್ಲಿಯ ಹೈಕೋರ್ಟು ತಳ್ಳಿಹಾಕಿದ್ದು 1992ರಲ್ಲಿ, ಮಾಬೋ ಮೊಕದ್ದಮೆಯಲ್ಲಿ. ಆ ಹೊತ್ತಿಗೆ ಎಮಿಲಿಗೆ ಎಂಬತ್ತರ ಹತ್ತಿರ.

ಹುಡುಗಿ ಮೊದಲ ಬಾರಿಗೆ ಬಿಳಿಯನೊಬ್ಬನನ್ನು ಕಂಡದ್ದು ಒಂಬತ್ತು ಹತ್ತು ವರ್ಷದವಳಿದ್ದಾಗ. ಬೆಳೆದ ಮೇಲೆ ಅದೇ ಬಿಳಿಯರ ಫಾರಂಗಳಲ್ಲಿ ದುಡಿದಳು. ಹೆಂಗಸರಿಗೆ ಸಾಮಾನ್ಯವಾಗಿ ಸಿಗುತ್ತಿದ್ದುದು ಮನೆಗೆಲಸ. ಎಮಿಲಿ ದನ ಕಾದವಳು, ಒಂಟೆ ಹೊಡೆದವಳು. ಕಟ್ಟುಮಸ್ತಾದ ಆಳು, ಮುಂದೆ ದೊಡ್ಡ ದೊಡ್ಡ ಕ್ಯಾನ್‌ವಾಸುಗಳ ಮೇಲೆ ಆಡಿದ ತೋಳುಗಳಿಗೆ ಬಲ ಬಂದದ್ದು ಅಲ್ಲಿಂದ ಎಂದು ಬರೆದವರಿದ್ದಾರೆ. ಕೂಲಿ ಎಂದರೆ ಬಹುಪಾಲು ಹಿಟ್ಟು, ಸಕ್ಕರೆ, ಚಹಾ, ಹೊಗೆಸೊಪ್ಪು. ದೇಶದ ಜನಸಂಖ್ಯೆ ಲೆಕ್ಕ ಹಾಕುವಾಗ ಮೂಲನಿವಾಸಿಗಳನ್ನು ಸೇರಿಸಕೂಡದು ಎಂಬ ಸಂವಿಧಾನದ ಕಲಮು ರದ್ದಾದದ್ದು 1967ರ ಜನಮತಗಣನೆಯಿಂದ. ಅಲ್ಲಿಯವರೆಗೆ ಐವತ್ತು ದಾಟಿದ ಈ ಹೆಂಗಸು ಸರಕಾರದ ಲೆಕ್ಕದಲ್ಲಿ ಇರಲಿಲ್ಲ.

ಲೆಕ್ಕಕ್ಕೆ ಇಲ್ಲದವರ ಮಕ್ಕಳು ಮಾತ್ರ ಸರಕಾರದ ಕಣ್ಣಿಗೆ ಬೀಳುತ್ತಿದ್ದರು. ಎಮಿಲಿಗೆ ಎರಡು ಮದುವೆಯಾಯಿತು, ಸ್ವಂತ ಮಕ್ಕಳಾಗಲಿಲ್ಲ. ನಾದಿನಿ ಮಿನ್ನಿ ಪುವರ್ಲೆಯ ಮಗಳು ಬಾರ್ಬರಾ ವಿಯರ್‌ಳನ್ನು ತಮ್ಮ ಮಡಿಲಲ್ಲೂ ಬೆಳೆಸಿದರು. ಬಾರ್ಬರಾಳ ತಂದೆ ಬಿಳಿಯ. ಇಂಥ ಮಕ್ಕಳನ್ನು ತಾಯಂದಿರಿಂದ ಕಿತ್ತು ದೂರದ ಸಂಸ್ಥೆಗಳಲ್ಲಿ ಇಡುವುದು ಆಗಿನ ಸರಕಾರಿ ನೀತಿ. ಒಂಬತ್ತು ವರ್ಷದ ಸುಮಾರಿಗೆ ಬಾರ್ಬರಾಳನ್ನೂ ಹಾಗೆ ಒಯ್ದರು. ಕೊಂದೇಬಿಟ್ಟರು ಎಂದು ಮನೆಯವರು ತಿಳಿದರು. 1960ರ ದಶಕದ ಕೊನೆಗೆ ಆಕೆ ಬೆಳೆದ ಹೆಂಗಸಾಗಿ, ತನ್ನವರನ್ನು ಹುಡುಕುತ್ತ ಬಂದು ಸೇರಿದಳು. ಮುಂದೆ ತಾನೂ ಚಿತ್ರಕಾರ್ತಿಯಾದಳು. ಹೀಗೆ ಕಳೆದುಹೋದವರಲ್ಲಿ ಎಲ್ಲರೂ ಹಿಂದಿರುಗಲಿಲ್ಲ.

ಇಷ್ಟೆಲ್ಲದರ ನಡುವೆ ಎಮಿಲಿ ಇನ್ನೊಂದು ಜವಾಬ್ದಾರಿಯನ್ನು ಹೊತ್ತಿದ್ದರು. ಅಲ್ಹಾಲ್ಕರದ 'ಅವೆಲ್ಯ'ಕ್ಕೆ ಆಕೆ ಹಿರಿಯ ಹಕ್ಕುದಾರಳು. ಅವೆಲ್ಯ ಎಂದರೆ ಹೆಂಗಸರೇ ನಡೆಸುವ ಆಚರಣೆ. ಕೆಮ್ಮಣ್ಣು, ಹಳದಿಮಣ್ಣು, ಬಿಳಿಮಣ್ಣುಗಳನ್ನು ಕೊಬ್ಬಿನಲ್ಲಿ ಕಲಸಿ, ಎದೆಯ ಮೇಲೆ, ಮೊಲೆಗಳ ಮೇಲೆ, ತೋಳುಗಳ ಮೇಲೆ ಪಟ್ಟೆಪಟ್ಟೆಯಾಗಿ ಒಬ್ಬರಿಗೊಬ್ಬರು ಬರೆಯುತ್ತಾರೆ. ಬರೆಯುತ್ತ ಹಾಡುತ್ತಾರೆ, ಹಾಡುತ್ತ ಕುಣಿಯುತ್ತಾರೆ. ಯಾವ ಪೂರ್ವಜ ಯಾವ ದಾರಿಯಲ್ಲಿ ನಡೆದು ಯಾವ ಬೆಟ್ಟ, ಯಾವ ಹಳ್ಳ, ಯಾವ ಗೆಣಸನ್ನು ಉಂಟುಮಾಡಿದ ಎಂಬ ನೆನಪೆಲ್ಲ ಆ ಹಾಡಿನಲ್ಲಿ, ಆ ಗೆರೆಯಲ್ಲಿ. ಇಂಗ್ಲಿಷಿನವರು ಇದನ್ನು 'ಡ್ರೀಮಿಂಗ್' ಎಂದು ಅನುವಾದಿಸಿ ಕನಸಿನ ವಿಷಯ ಮಾಡಿಬಿಟ್ಟರು. ಅಲ್ಲಿನವರಿಗೆ ಅದು ಕಾನೂನು. ಹಾಡು ಬಲ್ಲವರದೇ ನೆಲ. ನೆಲದವರೇ ಹಾಡನ್ನು ಕಾಯಬೇಕು.

1976ರಲ್ಲಿ ಉತ್ತರ ಪ್ರಾಂತ್ಯದ ಮೂಲನಿವಾಸಿಗಳು ತಮ್ಮ ನೆಲವನ್ನು ಕಾನೂನಿನ ಮೂಲಕ ಮರಳಿ ಕೇಳಬಹುದೆಂಬ ಕಾಯಿದೆ ಬಂತು. ಕೇಳಬೇಕಾದರೆ ಪುರಾವೆ ಬೇಕು. ಪಹಣಿ ಇಲ್ಲ, ಪಟ್ಟಾ ಇಲ್ಲ, ಕ್ರಯಪತ್ರ ಮೊದಲೇ ಇಲ್ಲ. ಯುಟೋಪಿಯಾದ ಹೆಂಗಸರು ವಿಚಾರಣೆಗೆ ಬಂದ ನ್ಯಾಯಾಧೀಶರ ಮುಂದೆ ಮೈಗೆ ಬಣ್ಣ ಬರೆದುಕೊಂಡು ಅವೆಲ್ಯ ಕುಣಿದರು. ಅದೇ ಅವರ ಹಕ್ಕುಪತ್ರ. ಆ ಸಾಕ್ಷ್ಯವನ್ನು ಒಪ್ಪಿ, ನೆಲ ಅನ್ಮಾಜೆರ್ ಮತ್ತು ಅಲ್ಯವಾರ್ ಜನರಿಗೆ ಮರಳಿತು. ಎಮಿಲಿಯ ಚಿತ್ರಗಳ ಮುಂದೆ ನಿಂತಾಗ ಬಣ್ಣಕ್ಕಿಂತ ಮೊದಲು ನೆನಪಿಗೆ ಬರಬೇಕಾದ ಸಂಗತಿ ಇದು. ಮೈಮೇಲಿನ ಪಟ್ಟೆಗಳು ಸರಕಾರಿ ಕಡತದಲ್ಲಿ ಸಾಕ್ಷಿಯಾಗಿ ನಿಂತ ಕಾಲದಲ್ಲಿಯೇ ಆ ಹೆಂಗಸರ ಕೈಗೆ ಮೇಣ, ಬಟ್ಟೆ, ಬಣ್ಣ ಬಂದವು.

ಬಂದ ದಾರಿ ಇದು: 1977ರಲ್ಲಿ ಯುಟೋಪಿಯಾದ ಹೆಂಗಸರಿಗಾಗಿ ಬಾಟಿಕ್ ಕಲಿಸುವ ತರಗತಿಗಳು ನಡೆದವು. ನಾಲ್ಕು ಕಾಸು ಸಂಪಾದನೆಯಾಗಲಿ ಎಂಬುದು ಉದ್ದೇಶ. ಮರುವರ್ಷ ಹೆಂಗಸರದ್ದೇ ಬಾಟಿಕ್ ಗುಂಪು ಹುಟ್ಟಿತು. ಎಮಿಲಿ ಅದರ ಮೊದಲ ಸದಸ್ಯೆಯರಲ್ಲಿ ಒಬ್ಬರು. ಬಿಸಿಮೇಣದಲ್ಲಿ ಗೆರೆ ಎಳೆದು, ಬಣ್ಣದಲ್ಲಿ ಅದ್ದಿ, ಕುದಿಸಿ ಮೇಣ ಬಿಡಿಸಿ, ಮತ್ತೆ ಗೆರೆ, ಮತ್ತೆ ಅದ್ದು. ಗುಂಪಿನ 88 ರೇಷ್ಮೆ ಬಾಟಿಕ್‌ಗಳು 1988ರಲ್ಲಿ ಒಂದೇ ಸಂಗ್ರಹವಾಗಿ ಮಾರಾಟವಾಗಿ ಹೆಸರಾದವು. ಹನ್ನೊಂದು ವರ್ಷ ಎಮಿಲಿ ಈ ಕೆಲಸ ಮಾಡಿದರು. ಸಾಕಾಯಿತು. ಮುಂದೆ ಕಾರಣ ಕೇಳಿದವರಿಗೆ ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದರು: ಬೆಂಕಿ ಹೊತ್ತಿಸುವುದು, ಬಟ್ಟೆ ಕುದಿಸುವುದು, ಸೋಪಿನ ಪುಡಿ ಮುಗಿಸುವುದು, ಮತ್ತೆ ಕುದಿಸುವುದು, ಇದೇ ಆಯಿತು; ಸೋಮಾರಿತನ ಬಂತು, ಕಣ್ಣೂ ಮಂಜಾಯಿತು, ಕ್ಯಾನ್‌ವಾಸು ಸುಲಭ ಎನಿಸಿತು ಎಂದು. ಕಲಾವಿದರು ತಮ್ಮ ಹೊಸ ಹಾದಿಗೆ ಕೊಡುವ ದೊಡ್ಡ ದೊಡ್ಡ ಕಾರಣಗಳ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು.

ಕ್ಯಾನ್‌ವಾಸು ತಂದುಕೊಟ್ಟವರು ಆಲಿಸ್ ಸ್ಪ್ರಿಂಗ್ಸಿನ ಮೂಲನಿವಾಸಿಗಳ ಮಾಧ್ಯಮ ಸಂಘದ ಪರವಾಗಿ ಕೆಲಸ ಮಾಡುತ್ತಿದ್ದ ರಾಡ್ನಿ ಗೂಚ್. 1988-89ರ ಬೇಸಗೆಯಲ್ಲಿ ಬಾಟಿಕ್ ಹೆಂಗಸರಿಗೆಲ್ಲ ಕ್ಯಾನ್‌ವಾಸು, ಅಕ್ರಿಲಿಕ್ ಬಣ್ಣ ಹಂಚಿದರು. ಎಮಿಲಿ ಬರೆದ ಮೊದಲ ಚಿತ್ರದ ಹೆಸರು 'ಎಮು ಹೆಣ್ಣು'. ಎದೆಯ ಮೇಲೆ ಬರೆಯುವ ಅವೆಲ್ಯದ ಬಾಗು ಗೆರೆಗಳು ಅಡಿಯಲ್ಲಿ, ಅವುಗಳ ಮೇಲೆ ಬೀಜ ಎರಚಿದಂತೆ ಚುಕ್ಕಿಗಳು. ಆ ಯೋಜನೆಯ ಪ್ರದರ್ಶನ ಸಿಡ್ನಿಯಲ್ಲಿ ನಡೆದಾಗ ನೋಡುವವರ ಕಣ್ಣು ಹೋದದ್ದು ಅದರ ಮೇಲೆ. 1990ರಲ್ಲಿ ಆಕೆಯೊಬ್ಬರದ್ದೇ ಪ್ರದರ್ಶನಗಳು ನಡೆದವು.

ಮರಳುನಾಡಿನ ಚುಕ್ಕಿ ಚಿತ್ರಗಳು ಆಗಲೇ ಹೆಸರಾಗಿದ್ದವು ಎಂಬುದು ನಿಜ. ಪಪುನ್ಯ ಎಂಬಲ್ಲಿ 1971ರಿಂದ ಗಂಡಸರು ಹಲಗೆಯ ಮೇಲೆ ತಮ್ಮ ಪೂರ್ವಜರ ಕತೆಗಳನ್ನು ಬರೆಯತೊಡಗಿದ್ದರು. ವೃತ್ತವೆಂದರೆ ನೀರಿನ ತಾಣ, ಕುದುರೆಲಾಳದಂಥ ಗುರುತೆಂದರೆ ಕುಳಿತ ಮನುಷ್ಯ, ಹೀಗೆ ಆ ಚಿತ್ರಗಳಿಗೊಂದು ಲಿಪಿಯಿತ್ತು, ನಕಾಶೆಯಂತೆ ಓದಿಸಬಹುದಿತ್ತು. ಎಮಿಲಿಯ ಚಿತ್ರಕ್ಕೆ ಹಾಗೆ ಕೀಲಿಕೈ ಸಿಗುವುದಿಲ್ಲ. ಮೊದಮೊದಲು ಚುಕ್ಕಿಗಳ ಅಡಿಯಲ್ಲಿ ಗೆಣಸಿನ ಬೇರಿನಂತೆ ಗೆರೆಗಳು ಇಣುಕುತ್ತಿದ್ದವು. ಬರಬರುತ್ತ ಚುಕ್ಕಿಗಳು ದಟ್ಟವಾಗಿ ಗೆರೆಯನ್ನು ಮುಚ್ಚಿದವು. ಮಳೆ ಬಂದ ಮೇಲಿನ ಹಸಿರು, ಹೂವಿನ ಹಳದಿ, ಒಣಗಿದ ಹುಲ್ಲಿನ ಬಣ್ಣ, ಮಣ್ಣಿನ ಕೆಂಪು, ಒಂದರ ಮೇಲೊಂದು ಬಿದ್ದವು. ಶೇವಿಂಗ್ ಬ್ರಷ್ಷಿನಂಥ ಕುಂಚವನ್ನು ಬಣ್ಣದಲ್ಲಿ ಅದ್ದಿ ಗುದ್ದಿದಂತೆ ಊರುವುದು ಆಕೆಯ ಒಂದು ರೀತಿ. ಕೂದಲು ಅಗಲಕ್ಕೆ ಬಿಚ್ಚಿಕೊಂಡು, ಒಂದೇ ಏಟಿಗೆ ಎರಡು ಮೂರು ಬಣ್ಣ ಕ್ಯಾನ್‌ವಾಸಿಗೆ ಇಳಿಯುತ್ತಿದ್ದವು. 1993ರಲ್ಲಿ ಬರೆದ 'ಅಲ್ಹಾಲ್ಕರ' ಮಾಲಿಕೆಯಲ್ಲಿ 22 ಕ್ಯಾನ್‌ವಾಸುಗಳಿವೆ. ಕ್ಯಾನ್‌ಬೆರಾದ ರಾಷ್ಟ್ರೀಯ ಗ್ಯಾಲರಿಯಲ್ಲಿರುವ ಅದನ್ನು ನೋಡಿದರೆ ಒಂದು ಸೀಮೆಯ ಋತುಗಳನ್ನೆಲ್ಲ ಗೋಡೆಗೆ ತಂದಂತೆ ಕಾಣುತ್ತದೆ.

ಕ್ಯಾನ್‌ವಾಸನ್ನು ಎಮಿಲಿ ಗೋಡೆಗೆ ಒರಗಿಸಿದವರಲ್ಲ. ನೆಲದ ಮೇಲೆ ಹಾಸಿ, ಪಕ್ಕದಲ್ಲಿ ಕಾಲು ಮಡಚಿ ಕುಳಿತು, ಸುತ್ತಲೂ ಸರಿಯುತ್ತ ಬರೆಯುತ್ತಿದ್ದರು. ಹೊಸಿಲ ಮುಂದೆ ಕುಕ್ಕರುಗಾಲಲ್ಲಿ ಕುಳಿತು ರಂಗೋಲಿ ಇಡುವ ಹೆಂಗಸರನ್ನು ಕಂಡವರಿಗೆ ಇದೇನೂ ಬೆರಗಲ್ಲ. ಹಿಂದೆ ಸರಿದು ನಿಂತು, ತಲೆ ಓರೆ ಮಾಡಿ ನೋಡಿ, ತಿದ್ದುವ ಪರಿಪಾಠ ಆಕೆಗಿರಲಿಲ್ಲ. ಈ ಚಿತ್ರಕ್ಕೆ ತಲೆ ಯಾವುದು, ಬುಡ ಯಾವುದು ಎಂಬ ಚಿಂತೆ ಗ್ಯಾಲರಿಯವರಿಗೆ ಬಂದದ್ದು ಆಮೇಲೆ.

ಏನನ್ನು ಬರೆದಿದ್ದೀರಿ ಎಂದು ಕೇಳಿದವರಿಗೆ ಆಕೆ ಕೊಟ್ಟ ಉತ್ತರ ಒಂದೇ: ಎಲ್ಲವನ್ನೂ. ಎಲ್ಲ ಎಂದರೆ ಅವೆಲ್ಯ, ಪೆನ್ಸಿಲ್ ಗೆಣಸು, ಮೈತುಂಬ ಮುಳ್ಳಿರುವ ಓತಿ, ಹುಲ್ಲಿನ ಬೀಜ, ಆದಿಕಾಲದ ನಾಯಿಮರಿ, ಎಮು ಹಕ್ಕಿ, ಎಮುವಿಗೆ ಇಷ್ಟವಾದ ಸಣ್ಣ ಗಿಡ, ಹಸಿರು ಕಾಯಿ, ಗೆಣಸಿನ ಬೀಜ. ಅದನ್ನೇ, ಎಲ್ಲವನ್ನೂ, ಬರೆಯುತ್ತೇನೆ ಎಂದರು. ವಿಮರ್ಶಕರಿಗೆ ಇದು ಸಾಲಲಿಲ್ಲ. ಫ್ರಾನ್ಸಿನ ಮೊನೆ, ಅಮೆರಿಕದ ಜಾಕ್ಸನ್ ಪೊಲಾಕ್ ಇವರ ಹೆಸರುಗಳನ್ನು ತಂದು ಪಕ್ಕದಲ್ಲಿ ನಿಲ್ಲಿಸಿದರು. ಕಲಾಶಾಲೆ ಕಾಣದ, ಇಂಗ್ಲಿಷ್ ಅಷ್ಟಕ್ಕಷ್ಟೇ ಬರುತ್ತಿದ್ದ ಮುದುಕಿ ಪಶ್ಚಿಮದ ಅಮೂರ್ತ ಕಲೆ ಮುಟ್ಟಿದ ಎತ್ತರವನ್ನು ತನ್ನಷ್ಟಕ್ಕೆ ಮುಟ್ಟಿದ್ದು ಹೇಗೆ ಎಂದು ತಲೆ ಕೆಡಿಸಿಕೊಂಡರು. ಜಪಾನಿನ ಒಸಾಕಾದ ರಾಷ್ಟ್ರೀಯ ಕಲಾ ಸಂಗ್ರಹಾಲಯದ ನಿರ್ದೇಶಕರಾಗಿದ್ದ ಅಕಿರಾ ತಟೆಹಾತ ಆಕೆಯನ್ನು 'ಅಸಾಧ್ಯ ಆಧುನಿಕಳು' ಎಂದು ಕರೆದರು. ಹೊಗಳಿಕೆ ದೊಡ್ಡದೇ. ಆದರೆ ಗೆಣಸು ಎಂದು ಆಕೆ ಹೇಳಿದ್ದನ್ನು ಗೆಣಸು ಎಂದೇ ತೆಗೆದುಕೊಳ್ಳಲು ಇಷ್ಟು ಕಷ್ಟ ಏಕೆ ಎಂಬ ಪ್ರಶ್ನೆ ಉಳಿಯುತ್ತದೆ. ಅಮೂರ್ತ ಎಂದುಬಿಟ್ಟರೆ ಅದು ಯಾರ ಮನೆಯ ಗೋಡೆಗಾದರೂ ಹೊಂದುತ್ತದೆ. ಅಲ್ಹಾಲ್ಕರ ಎಂದರೆ ಅದಕ್ಕೊಬ್ಬ ಒಡತಿ ಇರುತ್ತಾಳೆ.

1994ರ ಹೊತ್ತಿಗೆ ಎಮಿಲಿ ಚುಕ್ಕಿ ಬಿಟ್ಟರು. ಚುಕ್ಕಿ ಚಿತ್ರಗಳಿಗೆ ಬೇಡಿಕೆ ಏರುತ್ತಿದ್ದಾಗಲೇ ಬಿಟ್ಟರು ಎಂಬುದನ್ನು ಗಮನಿಸಬೇಕು. ಮೈಮೇಲೆ ಬರೆಯುವ ಅವೆಲ್ಯದ ಪಟ್ಟೆಗಳು ಬರಿಯ ಪಟ್ಟೆಗಳಾಗಿಯೇ, ಅಡ್ಡಕ್ಕೆ, ಉದ್ದಕ್ಕೆ, ಕ್ಯಾನ್‌ವಾಸಿಗೆ ಬಂದವು. ಆಮೇಲೆ ಗೆಣಸಿನ ಬಳ್ಳಿ. 1995ರಲ್ಲಿ ಕಪ್ಪು ಬಳಿದ ಒಂದು ಭಾರಿ ಕ್ಯಾನ್‌ವಾಸನ್ನು ಆಕೆಯ ಮುಂದೆ ಹಾಸಿದರು. ಎಂಟು ಮೀಟರ್ ಉದ್ದ, ಮೂರು ಮೀಟರ್ ಅಗಲ. ಒಂದು ಸಣ್ಣ ಮನೆಯ ಹಜಾರದಷ್ಟು. ಎಂಬತ್ತು ದಾಟಿದ ಅಜ್ಜಿ ಅದರ ಮೇಲೆಯೇ ಕುಳಿತು, ಸರಿಯುತ್ತ ಸರಿಯುತ್ತ, ಬಿಳಿಯ ಬಣ್ಣವೊಂದರಲ್ಲೇ ಗೆರೆ ಎಳೆಯುತ್ತ ಹೋದರು. ಗೆರೆ ಕವಲೊಡೆದು, ತಿರುಗಿ, ಇನ್ನೊಂದನ್ನು ಹಾದು, ಮತ್ತೆ ಕವಲೊಡೆದು ಅಂಚಿನಿಂದ ಅಂಚಿಗೆ ಹಬ್ಬಿತು. ಮಣ್ಣಿನಡಿಯ ಗೆಣಸಿನ ಬೇರೂ ಅದೇ, ಮಣ್ಣಿನ ಮೇಲಿನ ಬಿರುಕೂ ಅದೇ. ಎರಡು ದಿನಗಳಲ್ಲಿ ಮುಗಿಯಿತು. ಅಷ್ಟಗಲ ಹಬ್ಬಿದ ಗೆರೆಗಳಲ್ಲಿ ಎಲ್ಲಿಯೂ ತಡವರಿಸಿದ ಗುರುತಿಲ್ಲ. 'ದೊಡ್ಡ ಗೆಣಸು' ಎಂದೇ ಹೆಸರಾದ ಆ ಚಿತ್ರ ಮೆಲ್ಬರ್ನಿನ ವಿಕ್ಟೋರಿಯಾ ರಾಷ್ಟ್ರೀಯ ಗ್ಯಾಲರಿಯ ಸಂಗ್ರಹದಲ್ಲಿದೆ. ಎಮಿಲಿ ಬರೆದದ್ದರಲ್ಲಿ ಒಂದನ್ನೇ ನೋಡಲು ಸಾಧ್ಯವಿದ್ದರೆ ಇದನ್ನು ನೋಡಬೇಕು.

ಇನ್ನು ದುಡ್ಡಿನ ವಿಷಯ. ಅದನ್ನು ಬಿಟ್ಟು ಎಮಿಲಿಯ ಬಗ್ಗೆ ಬರೆದರೆ ಅರ್ಧ ಬರೆದಂತೆ. ಆಕೆಯ ಸಮಾಜದಲ್ಲಿ ಒಬ್ಬರ ಕೈಗೆ ಬಂದದ್ದು ಒಬ್ಬರದಲ್ಲ. ಬಂಧುಗಳು ಕೇಳಿದರೆ ಇಲ್ಲ ಎನ್ನುವಂತಿಲ್ಲ. ಚಿತ್ರ ಮಾರಿ ಬಂದ ಹಣ ವಾಹನವಾಗಿ, ದಿನಸಿಯಾಗಿ, ದೊಡ್ಡ ಬಳಗದ ಹೊಟ್ಟೆಗೆ ಹೋಯಿತು. ಆಕೆ ಬಯಲಿನ ಬಿಡಾರದಲ್ಲಿಯೇ ಉಳಿದರು. ಒಂದು ಕಡೆ ಬಳಗದ ಅಗತ್ಯ, ಇನ್ನೊಂದು ಕಡೆ ಕ್ಯಾನ್‌ವಾಸಿನ ಸುರುಳಿ ಹಿಡಿದು ಮರಳು ದಾರಿಯಲ್ಲಿ ಜೀಪು ಓಡಿಸಿಕೊಂಡು ಬರುವ ವ್ಯಾಪಾರಿಗಳು. ದಿನಕ್ಕೊಂದು ಚಿತ್ರದ ಸರಾಸರಿ ಬಂದದ್ದು ಸ್ಫೂರ್ತಿಯಿಂದ ಮಾತ್ರವಲ್ಲ. 1992ರಲ್ಲಿ ಆಸ್ಟ್ರೇಲಿಯಾ ಸರಕಾರ ಆಕೆಗೆ 1,10,000 ಡಾಲರುಗಳ ಕಲಾವಿದರ ಫೆಲೋಶಿಪ್ ಕೊಟ್ಟಿತು. ಮೂಲನಿವಾಸಿ ಕಲಾವಿದರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಎಮಿಲಿಗೆ ಅದು ಅರ್ಥವಾದದ್ದು ಹೀಗೆ: ಇನ್ನು ಬರೆಯಬೇಕಾಗಿಲ್ಲ. ದಣಿದಿದ್ದೇನೆ, ನಿಲ್ಲಿಸುತ್ತೇನೆ ಎಂದರು. ನಿಲ್ಲಿಸಲು ಬಿಡಲಿಲ್ಲ. ಬಿಡದವರಲ್ಲಿ ಬಳಗದವರೂ ಇದ್ದರು, ಹೊರಗಿನವರೂ ಇದ್ದರು. ಆಕೆಯ ಹೆಸರಿನಲ್ಲಿ ಬೇರೆಯವರು ಬರೆದ ಚಿತ್ರಗಳೂ ಮಾರುಕಟ್ಟೆಗೆ ಬಂದಿವೆ ಎಂಬ ಗುಸುಗುಸು 1990ರ ದಶಕದಲ್ಲೇ ಶುರುವಾಗಿತ್ತು.

1994ರಲ್ಲಿ ಬರೆದ 'ಭೂಮಿಯ ಸೃಷ್ಟಿ' ಎಂಬ ನಾಲ್ಕು ಭಾಗಗಳ, ಆರು ಮೀಟರಿಗೂ ಉದ್ದದ ಚಿತ್ರದ ಕತೆ ಕೇಳಿ. ಮಳೆಗಾಲದ ನೆಲದ ಹಸಿರು, ನೀಲಿ, ಹಳದಿಗಳು ಉಕ್ಕಿದ ಚಿತ್ರ. 2007ರ ಹರಾಜಿನಲ್ಲಿ ಅದಕ್ಕೆ 10 ಲಕ್ಷ 56 ಸಾವಿರ ಆಸ್ಟ್ರೇಲಿಯನ್ ಡಾಲರು ಬಂತು. ಮೂಲನಿವಾಸಿ ಕಲಾವಿದರ ಚಿತ್ರವೊಂದು ಹತ್ತು ಲಕ್ಷ ಡಾಲರು ದಾಟಿದ್ದು ಅದೇ ಮೊದಲು. 2017ರಲ್ಲಿ ಅದೇ ಚಿತ್ರ 21 ಲಕ್ಷಕ್ಕೆ ಹೋಯಿತು. ಮೊದಲ ಹರಾಜಿನ ಕಾಲಕ್ಕೆ ಮರುಮಾರಾಟದಲ್ಲಿ ಕಲಾವಿದರಿಗೆ ಅಥವಾ ಅವರ ವಾರಸುದಾರರಿಗೆ ಪಾಲು ಕೊಡಬೇಕೆಂಬ ಕಾನೂನೇ ಆಸ್ಟ್ರೇಲಿಯಾದಲ್ಲಿ ಇರಲಿಲ್ಲ. ಶೇಕಡಾ 5ರ ಆ ಹಕ್ಕು ಜಾರಿಗೆ ಬಂದದ್ದು 2010ರ ಜೂನಿನಲ್ಲಿ. ಅದರಲ್ಲೂ, ಅದಕ್ಕೆ ಮೊದಲೇ ಕೊಂಡಿಟ್ಟ ಚಿತ್ರವನ್ನು ಮೊದಲ ಸಲ ಕೈ ಬದಲಿಸುವಾಗ ಪಾಲು ಕೊಡಬೇಕಾಗಿಲ್ಲ ಎಂಬ ವಿನಾಯಿತಿ. ನೆಲದ ಹಕ್ಕನ್ನು ಕುಣಿದು ಸಾಧಿಸಿದವರಿಗೆ ಚಿತ್ರದ ಹಕ್ಕು ಅಷ್ಟು ಸಲೀಸಾಗಿ ಸಿಗಲಿಲ್ಲ.

1996ರ ಆಗಸ್ಟಿನಲ್ಲಿ ಎಮಿಲಿಯ ದೇಹ ಸೋತಿತ್ತು. ಆದರೂ ಕ್ಯಾನ್‌ವಾಸು ಕೇಳಿದರು. ಈ ಸಲ ಹಿಡಿದದ್ದು ಗೆರೆ ಎಳೆಯುವ ಕುಂಚವಲ್ಲ. ಕ್ಯಾನ್‌ವಾಸಿಗೆ ಮೊದಲ ಬಳಿತ ಕೊಡಲು ಇಟ್ಟುಕೊಂಡಿರುವ ಅಂಗೈ ಅಗಲದ ಬ್ರಷ್ಷು. ಮೂರು ದಿನಗಳಲ್ಲಿ 24 ಸಣ್ಣ ಚಿತ್ರಗಳು. ಚುಕ್ಕಿಯಿಲ್ಲ, ಬೇರಿಲ್ಲ, ಪಟ್ಟೆಯೂ ಇಲ್ಲ. ಗುಲಾಬಿ, ಬಿಳಿ, ನೀಲಿಗಳ ಅಗಲ ಅಗಲವಾದ ಬಳಿತ, ಅಷ್ಟೇ. ಹಿಂದಿನ ಚಿತ್ರಗಳಿಗೂ ಇವಕ್ಕೂ ಹೋಲಿಕೆಯೇ ಇಲ್ಲವೆಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಆಕೆಗೆ ಇವೂ ಅಲ್ಹಾಲ್ಕರವೇ. ಎರಡು ವಾರದ ಬಳಿಕ, ಸೆಪ್ಟೆಂಬರಿನಲ್ಲಿ, ಆಲಿಸ್ ಸ್ಪ್ರಿಂಗ್ಸಿನಲ್ಲಿ ತೀರಿಕೊಂಡರು.

ಮರುವರ್ಷ ವೆನಿಸ್ ಬಿನಾಲೆಯಲ್ಲಿ ಆಸ್ಟ್ರೇಲಿಯಾದ ಪರವಾಗಿ ತೂಗಿದ್ದು ಮೂವರು ಮೂಲನಿವಾಸಿ ಹೆಂಗಸರ ಕೃತಿಗಳು. ಎಮಿಲಿಯವು ಅದರಲ್ಲಿ ಸೇರಿದ್ದವು. 1998ರಲ್ಲಿ ಬ್ರಿಸ್ಬೇನ್, 2008ರಲ್ಲಿ ಒಸಾಕಾ ಮತ್ತು ಟೋಕಿಯೋ. ಯುಟೋಪಿಯಾದಲ್ಲಿ ಕುಂಚವೂ ಒಣಗಲಿಲ್ಲ. ಬಾರ್ಬರಾಳ ತಾಯಿ ಮಿನ್ನಿ ಪುವರ್ಲೆ 2000ರಲ್ಲಿ, ಎಂಬತ್ತರ ಆಸುಪಾಸಿನಲ್ಲಿ ಚಿತ್ರ ಬರೆಯಲು ಕುಳಿತು, 2006ರಲ್ಲಿ ಸಾಯುವ ತನಕ ಬರೆದರು.

2023ರ ಡಿಸೆಂಬರಿನಲ್ಲಿ ಕ್ಯಾನ್‌ಬೆರಾದಲ್ಲಿ ಎಮಿಲಿಯ ಬಹುದೊಡ್ಡ ಪ್ರದರ್ಶನ ಆರಂಭವಾಯಿತು. 2025ರಲ್ಲಿ ಆಕೆಯ ಚಿತ್ರಗಳು ಲಂಡನ್ನಿನ ಟೇಟ್ ಮಾಡರ್ನ್‌ಗೆ ಹೋದವು. ಕ್ಯಾನ್‌ಬೆರಾದ ಪ್ರದರ್ಶನವನ್ನು ಕಟ್ಟಿದ ಕೆಲ್ಲಿ ಕೋಲ್ ಮತ್ತು ಹೆಟ್ಟಿ ಪರ್ಕಿನ್ಸ್ ಇಬ್ಬರೂ ಮೂಲನಿವಾಸಿ ಹೆಂಗಸರೇ. ಚಿತ್ರಗಳ ಬಗ್ಗೆ ಅವರು ಕೇಳಿದ್ದು ಯುಟೋಪಿಯಾದ ಹೆಂಗಸರನ್ನು, ಎಮಿಲಿಯ ಬಳಗದವರನ್ನು. ಮೂವತ್ತು ವರ್ಷ ಪುಸ್ತಕಗಳಲ್ಲಿ, ಹರಾಜಿನ ಪಟ್ಟಿಗಳಲ್ಲಿ ಓಡಾಡಿದ್ದ ಇಂಗ್ಲಿಷ್ ಕಾಗುಣಿತವನ್ನು ಬದಲಿಸಿ, ಆಕೆಯ ಹೆಸರನ್ನು ಅನ್ಮಾಜೆರ್ ಭಾಷೆಯ ನಿಘಂಟಿನಲ್ಲಿ ಇರುವಂತೆ ಪ್ರದರ್ಶನಕ್ಕೆ ಇಟ್ಟರು. 'ಕಾಮ್' ಎಂಬ ಪದಕ್ಕೆ ಆ ನಿಘಂಟು ಹೇಳುವ ಅರ್ಥ ಗೆಣಸಿನ ಬೀಜ.